ಕೊಲ್ಲದ ಪ್ರಮಾಣದ ವಿಷ: ಅತ್ಯಲ್ಪ ಕೀಟನಾಶಕ ಸಿಹಿನೀರಿನ ಕ್ರೇಫಿಶ್‌ನ ದೇಹದೊಳಗೆ ಏನು ಮಾಡುತ್ತದೆ

ಒಂದು ಕೋಟಿ ಲೀಟರ್ ನೀರಿಗೆ ಒಂದೇ ಒಂದು ಗ್ರಾಂ ಕೀಟನಾಶಕ ಬೆರೆಸಿದರೆ ಲೀಟರಿಗೆ 0.1 ಮೈಕ್ರೋಗ್ರಾಂ ಆಗುತ್ತದೆ. ಕುಡಿಯುವ ನೀರಿನಲ್ಲಿ ಒಂದೊಂದು ಕೀಟನಾಶಕಕ್ಕೂ ಯುರೋಪಿಯನ್ ಒಕ್ಕೂಟ ಹಾಕಿರುವ ಮಿತಿ ಇಷ್ಟೇ. ಎಲ್ಲ ಕೂಡಿದರೂ 0.5 ದಾಟಬಾರದು. ಹೊಲಗಳ ನಡುವೆ ಹರಿಯುವ ತೊರೆಗಳಲ್ಲಿ ಜೋರು ಮಳೆಯ ಬೆನ್ನಿಗೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಿಗುವುದುಂಟು, ಆಮೇಲೆ ವಾರಗಟ್ಟಲೆ ಈ ಮಟ್ಟದ ಆಸುಪಾಸಿನಲ್ಲೇ ಉಳಿಯುವುದೂ ಉಂಟು. ಮೀನು ಸತ್ತು ತೇಲುವುದಿಲ್ಲ, ನೀರಿಗೆ ಬಣ್ಣ ಬರುವುದಿಲ್ಲ, ವಾಸನೆಯೂ ಇಲ್ಲ. ಆದರೆ ಕಲ್ಲಿನಡಿ ಕೂತ ಕ್ರೇಫಿಶ್‌ನ ಮೈಯೊಳಗೆ ಖರ್ಚು ಶುರುವಾಗಿರುತ್ತದೆ. ಯಾವ ಅಂಗ ಏನನ್ನು ತೆರುತ್ತದೆ, ಆ ಖರ್ಚನ್ನು ಪ್ರಯೋಗಾಲಯದಲ್ಲಿ ಹೇಗೆ ಅಳೆಯುತ್ತಾರೆ, ಅಳತೆ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಿದೆ.

ಕ್ರೇಫಿಶ್ ಹೆಸರಿಗೆ ಫಿಶ್, ಆದರೆ ಮೀನಲ್ಲ. ಏಡಿಯಂಥ ಕೊಂಡಿ, ಸಿಗಡಿಯಂಥ ಬಾಲ, ಹತ್ತು ಕಾಲು ಇರುವ ಕಠಿಣಚರ್ಮಿ. ಸಮುದ್ರದ ಲಾಬ್‌ಸ್ಟರ್‌ನ ಸಿಹಿನೀರಿನ ದಾಯಾದಿ. ಜಗತ್ತಿನಲ್ಲಿ 600ಕ್ಕೂ ಹೆಚ್ಚು ಜಾತಿಗಳಿವೆ. ವಿಷವಿಜ್ಞಾನಿಗಳಿಗೆ ಇದರ ಮೇಲೆ ಕಣ್ಣು ಬೀಳಲು ಕಾರಣ ಇದರ ಬದುಕಿನ ರೀತಿ. ಇದು ತಳದಲ್ಲಿ ಇರುತ್ತದೆ, ದೂರ ಹೋಗುವುದಿಲ್ಲ, ಹಲವು ವರ್ಷ ಬದುಕುತ್ತದೆ, ಕೊಳೆತ ಎಲೆ, ಪಾಚಿ, ಹುಳು, ಸತ್ತ ಮೀನು ಯಾವುದನ್ನೂ ಬಿಡದೆ ತಿನ್ನುತ್ತದೆ. ನೀರಲ್ಲಿ ಕರಗಿದ ವಿಷ ಕಿವಿರಿನ ಮೂಲಕ ಒಳಗೆ ಬಂದರೆ, ಕೆಸರಿಗೆ ಅಂಟಿದ ವಿಷ ಬಾಯಿಯ ಮೂಲಕ ಬರುತ್ತದೆ. ಎರಡು ಬಾಗಿಲೂ ತೆರೆದಿರುವ ಪ್ರಾಣಿ.

ಇನ್ನೊಂದು ಕಾರಣ ಇನ್ನೂ ನೇರ. ಬಹುತೇಕ ಕೀಟನಾಶಕಗಳನ್ನು ರೂಪಿಸಿರುವುದು ಕೀಟಗಳ ನರ, ಪೊರೆ, ಹಾರ್ಮೋನುಗಳನ್ನು ಗುರಿಯಾಗಿಟ್ಟುಕೊಂಡು. ಕೀಟವೂ ಕಠಿಣಚರ್ಮಿಯೂ ಒಂದೇ ಮೂಲದಿಂದ ಕವಲೊಡೆದ ಸಂಧಿಪದಿಗಳು. ನರದ ತುದಿಯಲ್ಲಿ ಅದೇ ಕಿಣ್ವ, ಅದೇ ಸೋಡಿಯಂ ನಾಳ, ಮೈಮೇಲಿನ ಗಟ್ಟಿ ಹೊದಿಕೆಯಲ್ಲಿ ಅದೇ ಕೈಟಿನ್. ಕೀಟನಾಶಕಕ್ಕೆ ಜೀರುಂಡೆಗೂ ಕ್ರೇಫಿಶ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ.

ವಿಷ ಮೊದಲು ತಟ್ಟುವ ಜಾಗ

ಕ್ಲೋರ್‌ಪೈರಿಫಾಸ್, ಡಯಾಜಿನಾನ್, ಮ್ಯಾಲಥಿಯಾನ್‌ನಂಥ ಆರ್ಗನೊಫಾಸ್ಫೇಟುಗಳ ಕಥೆ ಎಲ್ಲಕ್ಕಿಂತ ಸ್ಪಷ್ಟ. ನರದಿಂದ ನರಕ್ಕೆ ಸಂದೇಶ ದಾಟಿಸಿದ ಅಸಿಟೈಲ್‌ಕೋಲಿನ್ ಅಣುವನ್ನು ತಕ್ಷಣ ಕತ್ತರಿಸಿ ಹಾಕುವ ಕೆಲಸ ಅಸಿಟೈಲ್‌ಕೋಲಿನ್ ಎಸ್ಟರೇಸ್ ಎಂಬ ಕಿಣ್ವದ್ದು. ಆರ್ಗನೊಫಾಸ್ಫೇಟ್ ಈ ಕಿಣ್ವದ ಕತ್ತರಿಗೆ ಅಂಟಿಕೊಳ್ಳುತ್ತದೆ. ಕತ್ತರಿ ನಿಂತರೆ ಸಂದೇಶ ನಿಲ್ಲುವುದಿಲ್ಲ. ನರ ಮತ್ತೆ ಮತ್ತೆ ಮಿಡಿಯುತ್ತದೆ. ಪ್ರಮಾಣ ಜಾಸ್ತಿಯಾದರೆ ನಡುಕ, ಸೆಡೆತ, ಸಾವು. ಕಡಿಮೆಯಾದರೆ ಕಿಣ್ವದ ಒಂದು ಪಾಲು ಮಾತ್ರ ಕೆಲಸ ಬಿಡುತ್ತದೆ; ಕ್ರೇಫಿಶ್ ನಡೆಯುತ್ತದೆ, ತಿನ್ನುತ್ತದೆ, ಆದರೆ ಬಾಲ ಬಡಿದು ಹಿಂದಕ್ಕೆ ಚಿಮ್ಮುವ ತಪ್ಪಿಸಿಕೊಳ್ಳುವ ವರಸೆ ಮಂದವಾಗಬಹುದು.

ಇಲ್ಲೊಂದು ವಿಚಿತ್ರವಿದೆ. ಹೊಲಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್ ತಾನಾಗಿ ಅಂಥ ಬಲವಾದ ತಡೆಯಲ್ಲ. ದೇಹದೊಳಗಿನ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳು ಅದನ್ನು ಹೊರಹಾಕುವ ಸಿದ್ಧತೆಯಲ್ಲಿ ಗಂಧಕದ ಜಾಗಕ್ಕೆ ಆಮ್ಲಜನಕ ಕೂರಿಸುತ್ತವೆ. ಆಗ ಹುಟ್ಟುವ ಆಕ್ಸಾನ್ ರೂಪವೇ ನಿಜವಾದ ವಿಷ. ಮನೆ ಗುಡಿಸಲು ಹೋಗಿ ಬೆಂಕಿ ಹಚ್ಚಿದ ಹಾಗೆ. ಅಂಟಿಕೊಂಡ ಮೇಲೆ ಕೆಲವು ಗಂಟೆಗಳಿಂದ ದಿನಗಳೊಳಗೆ ಆ ಬಂಧ ಇನ್ನಷ್ಟು ಬಿಗಿಯಾಗಿ, ಬಿಡಿಸಲಾಗದ ಸ್ಥಿತಿಗೆ ಬರುತ್ತದೆ. ಇದಕ್ಕೆ ಕಿಣ್ವದ 'ಮುಪ್ಪು' ಎನ್ನುತ್ತಾರೆ. ಆಮೇಲೆ ಹೊಸ ಕಿಣ್ವ ತಯಾರಾಗುವವರೆಗೆ ಗತಿಯಿಲ್ಲ. ಕಾರ್ಬಮೇಟುಗಳು ಅದೇ ಜಾಗಕ್ಕೆ ಅಂಟುತ್ತವೆ, ಆದರೆ ತಾವಾಗಿಯೇ ಬಿಟ್ಟುಕೊಡುತ್ತವೆ.

ಉಳಿದವನ್ನು ಚಿಕ್ಕದಾಗಿ ಹೇಳಬಹುದು. ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್‌ನಂಥ ಪೈರಿಥ್ರಾಯ್ಡುಗಳು ನರದ ಸೋಡಿಯಂ ನಾಳವನ್ನು ಮುಚ್ಚಲು ಬಿಡುವುದಿಲ್ಲ. ಇವು ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆಯಲ್ಲೇ ಕ್ರೇಫಿಶ್ ಕೊಲ್ಲಬಲ್ಲವು. ಹೀಗಾಗಿ ಪೈರಿಥ್ರಾಯ್ಡುಗಳ ವಿಷಯದಲ್ಲಿ 'ಅತ್ಯಲ್ಪ' ಎಂಬ ಮಾತನ್ನು ನ್ಯಾನೋಗ್ರಾಂಗಳಲ್ಲಿ ಆಡಬೇಕು. ಇಮಿಡಾಕ್ಲೋಪ್ರಿಡ್, ಥಯಾಕ್ಲೋಪ್ರಿಡ್ ಮುಂತಾದ ನಿಯೋನಿಕೋಟಿನಾಯ್ಡುಗಳು ಅಸಿಟೈಲ್‌ಕೋಲಿನ್‌ನ ಗ್ರಾಹಕದಲ್ಲೇ ಕೂತು ಸುಳ್ಳು ಸಂದೇಶ ಕೊಡುತ್ತವೆ. ನೀರಲ್ಲಿ ಚೆನ್ನಾಗಿ ಕರಗುವುದರಿಂದ ಹೊಲದಿಂದ ಬೇಗ ಹರಿದು ಬರುತ್ತವೆ. ಡೈಫ್ಲೂಬೆಂಜುರಾನ್ ಕೈಟಿನ್ ತಯಾರಿಯನ್ನೇ ಕೆಡಿಸುತ್ತದೆ. ಅಟ್ರಜಿನ್, ಮೆಟಲಾಕ್ಲೋರ್‌ನಂಥ ಕಳೆನಾಶಕಗಳಿಗೆ ಪ್ರಾಣಿಯ ನರದಲ್ಲಿ ನಿರ್ದಿಷ್ಟ ಗುರಿ ಇಲ್ಲ. ಆದರೂ ಪ್ರಯೋಗಗಳಲ್ಲಿ ಇವುಗಳಿಗೆ ಒಡ್ಡಿದ ಕ್ರೇಫಿಶ್‌ಗಳು ಆಹಾರದ ವಾಸನೆ ಹಿಡಿಯುವುದರಲ್ಲಿ ಎಡವಿವೆ. ವಾಸನೆಯೇ ಕಣ್ಣಾಗಿರುವ ನಿಶಾಚರ ಪ್ರಾಣಿಗೆ ಇದು ಸಣ್ಣ ನಷ್ಟವಲ್ಲ.

ಫಿಪ್ರೊನಿಲ್‌ಗೆ ಮಾತ್ರ ಒಂದು ಇತಿಹಾಸವಿದೆ. ಅಮೆರಿಕದ ಲೂಸಿಯಾನದಲ್ಲಿ ಒಂದೇ ಗದ್ದೆಯಲ್ಲಿ ಭತ್ತವನ್ನೂ ಕ್ರೇಫಿಶ್ಅನ್ನೂ ಸರದಿಯಲ್ಲಿ ಬೆಳೆಯುತ್ತಾರೆ. ಭತ್ತದ ಬೇರು ತಿನ್ನುವ ಸೊಂಡಿಲು ಹುಳುವಿಗೆಂದು 1999ರಲ್ಲಿ ಫಿಪ್ರೊನಿಲ್ ಲೇಪಿಸಿದ ಬಿತ್ತನೆ ಬೀಜ ಬಳಕೆಗೆ ಬಂತು. ಅದರ ಬೆನ್ನಿಗೇ ಕ್ರೇಫಿಶ್ ಇಳುವರಿ ಕುಸಿಯಿತು, ಬೆಳೆಗಾರರು ನ್ಯಾಯಾಲಯಕ್ಕೆ ಹೋದರು, 2004ರಲ್ಲಿ ಪರಿಹಾರದ ಒಪ್ಪಂದವಾಯಿತು. ಈ ರಾಸಾಯನಿಕ ಗಾಬಾ ಗ್ರಾಹಕದ ಕ್ಲೋರೈಡ್ ನಾಳವನ್ನು ಮುಚ್ಚುತ್ತದೆ, ಅಂದರೆ ನರಕ್ಕಿರುವ ಬ್ರೇಕನ್ನೇ ಕಿತ್ತುಹಾಕುತ್ತದೆ. ಬಿಸಿಲಿಗೆ ಒಡೆದಾಗ ಹುಟ್ಟುವ ಅದರ ಡೀಸಲ್ಫಿನೈಲ್ ರೂಪವೂ ವಿಷವೇ. ನೀರಿನ ವರದಿಯಲ್ಲಿ ಮೂಲ ರಾಸಾಯನಿಕ 'ಪತ್ತೆಯಾಗಿಲ್ಲ' ಎಂದಿದ್ದರೆ ಸಮಾಧಾನ ಪಡುವ ಮುಂಚೆ, ಒಡೆದ ಚೂರುಗಳನ್ನು ಹುಡುಕಿದ್ದಾರೆಯೇ ಎಂದು ನೋಡಬೇಕು.

ಹೆಪಟೊಪ್ಯಾಂಕ್ರಿಯಾಸ್: ಎಲ್ಲ ಬಿಲ್ಲುಗಳೂ ಬರುವ ವಿಳಾಸ

ಕ್ರೇಫಿಶ್‌ನ ಬೆನ್ನಿನ ಚಿಪ್ಪು ಎತ್ತಿದರೆ ಎರಡೂ ಪಕ್ಕದಲ್ಲಿ ಹಳದಿ ಅಥವಾ ಹಸಿರು ಮಿಶ್ರಿತ, ಎಳೆ ಎಳೆಯಾದ ಮೆತ್ತನೆಯ ಗ್ರಂಥಿ ಕಾಣುತ್ತದೆ. ನಮ್ಮಲ್ಲಿ ಯಕೃತ್ತು ಮತ್ತು ಮೇದೋಜೀರಕ ಗ್ರಂಥಿ ಬೇರೆ ಬೇರೆಯಾಗಿ ಮಾಡುವ ಕೆಲಸಗಳನ್ನೆಲ್ಲ ಇದೊಂದೇ ಮಾಡುತ್ತದೆ: ಜೀರ್ಣರಸ ಸುರಿಸುವುದು, ಕೊಬ್ಬು ಮತ್ತು ಗ್ಲೈಕೋಜನ್ ಕೂಡಿಡುವುದು, ವಿಷ ಕಳೆಯುವುದು. ಕೊಬ್ಬಿನಲ್ಲಿ ಕರಗುವ ಕೀಟನಾಶಕ ಕೊನೆಗೆ ಬಂದು ಸೇರುವುದೂ ಇಲ್ಲಿಗೇ.

ವಿಷ ಕಳೆಯುವುದು ಎರಡು ಹಂತದ ಕೆಲಸ. ಮೊದಲು ಪಿ450 ಕಿಣ್ವಗಳು ಅಣುವಿಗೆ ಒಂದು ಹಿಡಿ ಹಾಕುತ್ತವೆ. ಆಮೇಲೆ ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫರೇಸ್, ಅಂದರೆ ಜಿಎಸ್‌ಟಿ, ಆ ಹಿಡಿಗೆ ಗ್ಲುಟಾಥಯೋನ್ ಎಂಬ ಮೂರು ಅಮೈನೋ ಆಮ್ಲಗಳ ಪುಟ್ಟ ಅಣುವನ್ನು ಕಟ್ಟಿ, ನೀರಲ್ಲಿ ಕರಗುವಂತೆ ಮಾಡಿ ಹೊರಗೆ ದೂಡುತ್ತದೆ. ಒಂದೊಂದು ವಿಷದ ಅಣುವಿಗೂ ಒಂದೊಂದು ಗ್ಲುಟಾಥಯೋನ್ ಖರ್ಚು. ತೊಂದರೆ ಏನೆಂದರೆ ಅದೇ ಗ್ಲುಟಾಥಯೋನ್ ಬೇಕಾದ ಇನ್ನೊಂದು ಕೆಲಸವೂ ಇದೆ.

ಪಿ450 ದುಡಿಯುವಾಗ ಮತ್ತು ಮೈಟೋಕಾಂಡ್ರಿಯ ಅಡ್ಡದಾರಿ ಹಿಡಿದಾಗ ಅರೆಬರೆ ಆಮ್ಲಜನಕ, ಸೂಪರ್ ಆಕ್ಸೈಡ್, ಸೋರುತ್ತದೆ. ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್, ಅಂದರೆ ಎಸ್‌ಒಡಿ, ಕಿಣ್ವ ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಪೆರಾಕ್ಸೈಡ್ ಕೂಡ ಸಾಧುವಲ್ಲ. ಅದನ್ನು ಕೆಟಲೇಸ್ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಇಲ್ಲವೇ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಗ್ಲುಟಾಥಯೋನ್ ಖರ್ಚು ಮಾಡಿ ನೀರಾಗಿಸುತ್ತದೆ. ಖರ್ಚಾದ ಗ್ಲುಟಾಥಯೋನ್ ಅನ್ನು ಗ್ಲುಟಾಥಯೋನ್ ರಿಡಕ್ಟೇಸ್ ಮತ್ತೆ ಬಳಕೆಗೆ ತರುತ್ತದೆ, ಅದಕ್ಕೆ ಎನ್‌ಎಡಿಪಿಎಚ್ ಬೇಕು, ಅದು ಬರುವುದು ಸಕ್ಕರೆ ಸುಟ್ಟು. ಹೀಗೆ ಕೆಳಗಿಳಿಯುತ್ತ ಹೋದರೆ ಲೆಕ್ಕ ಕೊನೆಗೆ ಊಟಕ್ಕೆ ಬಂದು ನಿಲ್ಲುತ್ತದೆ. ಬೆಳವಣಿಗೆಗೆ, ಮೊಟ್ಟೆಗೆ, ಹೊಸ ಚಿಪ್ಪಿಗೆ ಮೀಸಲಾದ ಶಕ್ತಿ ಈ ದುರಸ್ತಿಗೆ ಸೋರಿಹೋಗುತ್ತದೆ.

ತಡೆ ಸಾಲದೆ ಹೋದಾಗ ಜೀವಕೋಶದ ಪೊರೆಯ ಕೊಬ್ಬು ಕಮರತೊಡಗುತ್ತದೆ, ಒಡೆದ ಚೂರಾಗಿ ಮ್ಯಾಲನ್‌ಡೈಆಲ್ಡಿಹೈಡ್, ಎಂಡಿಎ, ಸಿಗುತ್ತದೆ. ಪ್ರೋಟೀನುಗಳಲ್ಲಿ ಕಾರ್ಬೊನಿಲ್ ಗುಂಪುಗಳು ಹೆಚ್ಚುತ್ತವೆ.

ಈಗ ಬಹಳ ಜನ ಎಡವುವ ಜಾಗ. 'ಎಸ್‌ಒಡಿ ಏರಿತು, ಆದ್ದರಿಂದ ಹಾನಿ' ಎಂದು ಒಬ್ಬರು ಬರೆಯುತ್ತಾರೆ. 'ಎಸ್‌ಒಡಿ ಇಳಿಯಿತು, ಆದ್ದರಿಂದ ಹಾನಿ' ಎಂದು ಇನ್ನೊಬ್ಬರು. ಇಬ್ಬರೂ ಅದೇ ವಕ್ರರೇಖೆಯ ಎರಡು ಪಕ್ಕದಲ್ಲಿ ನಿಂತಿರಬಹುದು. ಸಣ್ಣ ಪ್ರಮಾಣದಲ್ಲಿ ಅಥವಾ ಮೊದಲ ದಿನಗಳಲ್ಲಿ ದೇಹ ಕಿಣ್ವವನ್ನು ಹೆಚ್ಚು ತಯಾರಿಸುತ್ತದೆ. ಪ್ರಮಾಣ ಅಥವಾ ದಿನ ಹೆಚ್ಚಿದಂತೆ ಕಿಣ್ವವೇ ಹಾಳಾಗಿ ಚಟುವಟಿಕೆ ಇಳಿಯುತ್ತದೆ. ಏರಿ ಇಳಿಯುವ ದಾರಿಯಲ್ಲಿ ಅದು ವಿಷ ಕೊಡದ ನಿಯಂತ್ರಣ ಗುಂಪಿನ ಮಟ್ಟವನ್ನು ಮತ್ತೊಮ್ಮೆ ದಾಟುತ್ತದೆ. ಆ ದಿನವೇ ಮಾದರಿ ತೆಗೆದವರಿಗೆ 'ಏನೂ ಪರಿಣಾಮವಿಲ್ಲ' ಎಂಬ ಉತ್ತರ ಸಿಗುತ್ತದೆ. ಒಂದೇ ಕಿಣ್ವ, ಒಂದೇ ದಿನ ಅಳೆದ ಕೆಲಸವನ್ನು ನಂಬಬೇಕಿಲ್ಲ. ಎಸ್‌ಒಡಿ, ಕೆಟಲೇಸ್, ಜಿಎಸ್‌ಟಿ, ಗ್ಲುಟಾಥಯೋನ್, ಎಂಡಿಎ ಐದನ್ನೂ ಒಟ್ಟಿಗೆ, ಕನಿಷ್ಠ ಎರಡು ಮೂರು ಸಮಯಗಳಲ್ಲಿ ನೋಡಿದರೆ ಚಿತ್ರ ಮೂಡುತ್ತದೆ. ಕಿಣ್ವಗಳು ಏರಿ ಎಂಡಿಎ ಸುಮ್ಮನಿದ್ದರೆ ದೇಹ ಸದ್ಯಕ್ಕೆ ಸಂಭಾಳಿಸುತ್ತಿದೆ. ಕಿಣ್ವಗಳು ಇಳಿದು, ಗ್ಲುಟಾಥಯೋನ್ ಬರಿದಾಗಿ, ಎಂಡಿಎ ಏರಿದ್ದರೆ ಕೈಮೀರಿದೆ.

ನೀಲಿ ರಕ್ತದ ತಕರಾರು

ಕ್ರೇಫಿಶ್‌ಗೆ ರಕ್ತನಾಳಗಳ ಮುಚ್ಚಿದ ಜಾಲವಿಲ್ಲ. ಹೀಮೊಲಿಂಫ್ ಎಂಬ ದ್ರವ ಅಂಗಗಳ ನಡುವಿನ ಸಂದುಗಳಲ್ಲೇ ಹರಿಯುತ್ತದೆ. ಮೈತೂಕದ ಸುಮಾರು ಕಾಲು ಭಾಗ ಇದೇ. ಆಮ್ಲಜನಕ ಹೊರುವುದು ಕಬ್ಬಿಣದ ಹಿಮೋಗ್ಲೋಬಿನ್ ಅಲ್ಲ, ತಾಮ್ರದ ಹೀಮೊಸಯನಿನ್. ಆಮ್ಲಜನಕ ಹಿಡಿದಾಗ ನೀಲಿ, ಬಿಟ್ಟಾಗ ಬಣ್ಣವಿಲ್ಲ.

ಹೀಮೊಲಿಂಫ್‌ನಲ್ಲಿ ಸಾಮಾನ್ಯವಾಗಿ ಗ್ಲೂಕೋಸ್, ಲ್ಯಾಕ್ಟೇಟ್, ಒಟ್ಟು ಪ್ರೋಟೀನ್, ಅಮೋನಿಯ, ಕ್ಯಾಲ್ಸಿಯಂ, ಮತ್ತು ಅಂಗಾಂಶ ಒಡೆದಾಗ ಸೋರುವ ಎಎಲ್‌ಟಿ, ಎಎಸ್‌ಟಿ, ಎಲ್‌ಡಿಎಚ್ ಕಿಣ್ವಗಳನ್ನು ಅಳೆಯುತ್ತಾರೆ. ಗ್ಲೂಕೋಸ್ ಏರುವುದು ಕಣ್ಣಿನ ದಂಟಿನಲ್ಲಿರುವ ಗ್ರಂಥಿಯಿಂದ ಸಿಎಚ್‌ಎಚ್ ಎಂಬ ಹಾರ್ಮೋನ್ ಸುರಿದಾಗ. ಅದು ಕೂಡಿಟ್ಟ ಗ್ಲೈಕೋಜನ್ ಕರಗಿಸುತ್ತದೆ. ಎಎಲ್‌ಟಿ, ಎಎಸ್‌ಟಿ ಏರಿದರೆ ಹೆಪಟೊಪ್ಯಾಂಕ್ರಿಯಾಸ್ ಅಥವಾ ಸ್ನಾಯುವಿನ ಜೀವಕೋಶಗಳು ಸೋರುತ್ತಿವೆ ಎಂದು ಅರ್ಥ ಮಾಡಬಹುದು.

ಆದರೆ ಇಲ್ಲಿ ಮೂರು ಗುಂಡಿಗಳಿವೆ. ಒಂದು, ಸಿಎಚ್‌ಎಚ್ ಸುರಿಯಲು ಕೀಟನಾಶಕವೇ ಬೇಕಿಲ್ಲ. ಪ್ರಾಣಿಯನ್ನು ಬಲೆಯಲ್ಲಿ ಎತ್ತಿ ಐದು ನಿಮಿಷ ಗಾಳಿಯಲ್ಲಿ ಹಿಡಿದರೂ ಸಾಕು, ಗ್ಲೂಕೋಸೂ ಲ್ಯಾಕ್ಟೇಟೂ ಏರತೊಡಗುತ್ತವೆ. ನೀರಿನಿಂದ ಎತ್ತಿದ ಒಂದೆರಡು ನಿಮಿಷದಲ್ಲಿ ಸೂಜಿ ಹಾಕಿ ಮುಗಿಸಬೇಕು, ಎಲ್ಲ ಗುಂಪುಗಳಿಗೂ ಅದೇ ಗಡಿಯಾರ. ಎರಡು, ಮಾರುಕಟ್ಟೆಯ ಕಿಟ್‌ಗಳು ಮನುಷ್ಯನ ಸೀರಮ್‌ಗೆಂದು ಮಾಡಿದವು. ಎಎಲ್‌ಟಿ, ಎಎಸ್‌ಟಿ, ಎಲ್‌ಡಿಎಚ್ ಕಿಟ್‌ಗಳು 340 ನ್ಯಾನೋಮೀಟರ್ ಬೆಳಕಿನಲ್ಲಿ ಎನ್‌ಎಡಿಎಚ್ ಕರಗುವುದನ್ನು ಓದುತ್ತವೆ. ಆಮ್ಲಜನಕ ಹಿಡಿದ ಹೀಮೊಸಯನಿನ್ ಬಲವಾಗಿ ಬೆಳಕು ಹೀರುವುದೂ ಸರಿಸುಮಾರು ಅಲ್ಲೇ, 335-340ರಲ್ಲಿ. ಪ್ರತಿ ಮಾದರಿಗೂ ಸಬ್‌ಸ್ಟ್ರೇಟ್ (ಕಿಣ್ವ ಕೆಲಸ ಮಾಡುವ ವಸ್ತು) ಇಲ್ಲದ ಅದರದೇ ಬ್ಲಾಂಕ್ (ಕಳೆಯಲೆಂದು ಇಡುವ ಹೋಲಿಕೆಯ ಮಾದರಿ) ಇಡದಿದ್ದರೆ ಕಿಣ್ವವನ್ನಲ್ಲ, ಹೀಮೊಸಯನಿನ್ ಅನ್ನು ಅಳೆಯುತ್ತ ಕೂತಿರುತ್ತೀರಿ. ಮೂರು, ಕೆಲವು ಪ್ರಬಂಧಗಳು ಕ್ರಿಯಾಟಿನ್ ಕೈನೇಸ್ ಅಳೆದು ಸ್ನಾಯು ಹಾನಿ ಎನ್ನುತ್ತವೆ. ಕಠಿಣಚರ್ಮಿಗಳ ಸ್ನಾಯು ಶಕ್ತಿಯನ್ನು ಕ್ರಿಯಾಟಿನ್ ಫಾಸ್ಫೇಟ್ ಆಗಿ ಅಲ್ಲ, ಆರ್ಜಿನಿನ್ ಫಾಸ್ಫೇಟ್ ಆಗಿ ಕೂಡಿಡುತ್ತದೆ. ಅಲ್ಲಿ ದುಡಿಯುವುದು ಆರ್ಜಿನಿನ್ ಕೈನೇಸ್. ಅಂಥ ಅಂಕಿಗಳನ್ನು ಅನುಮಾನದೊಂದಿಗೇ ಓದಿ.

ಹೀಮೊಲಿಂಫ್ ತೆಗೆಯಲು 1 ಮಿ.ಲೀ. ಸಿರಿಂಜ್, 25 ಅಥವಾ 26 ಗೇಜ್ ಸೂಜಿ ಸಾಕು. ನಡೆಯುವ ಕಾಲಿನ ಬುಡದ ಮೆತ್ತನೆಯ ಪೊರೆಯ ಮೂಲಕ ತೆಗೆಯಬಹುದು. 20 ಗ್ರಾಂ ತೂಕದ ಪ್ರಾಣಿಯಲ್ಲಿ ಸುಮಾರು 5 ಮಿ.ಲೀ. ಇರುತ್ತದೆ, 0.3ರಿಂದ 0.5 ಮಿ.ಲೀ. ತೆಗೆದರೆ ತಡೆದುಕೊಳ್ಳುತ್ತದೆ. ಹೊರಗೆ ಬಂದ ಹೀಮೊಲಿಂಫ್ ಬೇಗ ಗಟ್ಟಿಯಾಗುತ್ತದೆ, ಕಪ್ಪೂ ಆಗುತ್ತದೆ. ಗಟ್ಟಿಯಾಗುವುದಕ್ಕೆ ಕ್ಯಾಲ್ಸಿಯಂ ಬೇಕಾದ್ದರಿಂದ ಸಿರಿಂಜಿಗೆ ಮೊದಲೇ ತಣ್ಣನೆಯ ಸಿಟ್ರೇಟ್-ಇಡಿಟಿಎ ದ್ರಾವಣ ಎಳೆದಿಟ್ಟುಕೊಳ್ಳುತ್ತಾರೆ. ಇಡಿಟಿಎ ಬೆರೆಸಿದ ಮಾದರಿಯಲ್ಲಿ ಕ್ಯಾಲ್ಸಿಯಂ ಅಳೆಯಲು ಹೋಗಬೇಡಿ, ಅದನ್ನು ಇಡಿಟಿಎ ಆಗಲೇ ಹಿಡಿದು ಕೂತಿರುತ್ತದೆ. ಅದಕ್ಕೆ ಪ್ರತ್ಯೇಕ ಮಾದರಿ ಬೇಕು.

ಪೊರೆ ಕಳಚುವ ಕಾಲ

ಕ್ರೇಫಿಶ್ ಬೆಳೆಯುವುದು ಹಳೆಯ ಚಿಪ್ಪು ಕಳಚಿದಾಗ ಮಾತ್ರ. ಕಳಚುವ ಮುನ್ನ ಎಕ್ಡಿಸ್ಟೀರಾಯ್ಡ್ ಹಾರ್ಮೋನ್ ಏರುತ್ತದೆ, ಚಿಪ್ಪಿನ ಸುಣ್ಣದ ಒಂದು ಭಾಗ ಕರಗಿ ಹೊಟ್ಟೆಯ ಗೋಡೆಯಲ್ಲಿ ಎರಡು ಪುಟ್ಟ ಬಿಳಿ ಗುಂಡಿಗಳಂತೆ ಶೇಖರವಾಗುತ್ತದೆ, ಪ್ರಾಣಿ ತಿನ್ನುವುದನ್ನು ಬಿಡುತ್ತದೆ. ಕಳಚಿದ ಮೇಲೆ ನೀರು ಹೀರಿ ಉಬ್ಬುತ್ತದೆ. ಮೆತ್ತನೆಯ ಮೈಯ ಆ ಕೆಲವು ದಿನಗಳಲ್ಲಿ ವಿಷಕ್ಕೆ ಅದು ಹೆಚ್ಚು ಈಡಾಗುತ್ತದೆ. ಕೈಟಿನ್ ತಯಾರಿ ಕೆಡಿಸುವ ರಾಸಾಯನಿಕ ಕಳಚುವ ದಿನದವರೆಗೆ ಏನನ್ನೂ ತೋರಿಸದೆ, ಅಂದು ಕೊಲ್ಲಬಲ್ಲದು. 96 ಗಂಟೆಯ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ.

ಮಾಪನಕ್ಕೂ ಇದು ತಲೆನೋವು. ಕಳಚುವ ಆಸುಪಾಸಿನಲ್ಲಿ ಹೀಮೊಲಿಂಫ್‌ನ ಪ್ರೋಟೀನ್, ಕ್ಯಾಲ್ಸಿಯಂ, ಗ್ಲೂಕೋಸ್, ಹೆಪಟೊಪ್ಯಾಂಕ್ರಿಯಾಸ್‌ನ ಕೊಬ್ಬು ಎಲ್ಲವೂ ಹೊಯ್ದಾಡುತ್ತವೆ. ಆ ಹೊಯ್ದಾಟ ಅತ್ಯಲ್ಪ ಕೀಟನಾಶಕದ ಪರಿಣಾಮಕ್ಕಿಂತ ದೊಡ್ಡದಿರಬಹುದು. ಪ್ರಯೋಗಕ್ಕೆ ಮೊದಲು ಬಾಲದ ಬೀಸಣಿಗೆಯ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಹಳೆಯ ಚಿಪ್ಪಿನಿಂದ ಒಳಚರ್ಮ ಬಿಟ್ಟುಕೊಂಡು ನಡುವೆ ತಿಳಿಯಾದ ಪಟ್ಟಿ ಕಂಡರೆ ಅದು ಕಳಚಲು ಹೊರಟಿದೆ, ಪ್ರಯೋಗಕ್ಕೆ ಬೇಡ.

ಕಿವಿರಿನ ಬಗ್ಗೆ ಒಂದು ಮಾತು. ಸಿಹಿನೀರಿನಲ್ಲಿ ಉಪ್ಪಿನಂಶ ಕಡಿಮೆ, ಕ್ರೇಫಿಶ್‌ನ ಹೀಮೊಲಿಂಫ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಸೋರುವ ಸೋಡಿಯಂ ಅನ್ನು ಕಿವಿರಿನ ಸೋಡಿಯಂ-ಪೊಟ್ಯಾಸಿಯಂ ಎಟಿಪೇಸ್ ಪಂಪು ಬಿಡುವಿಲ್ಲದೆ ಒಳಗೆಳೆಯುತ್ತಿರಬೇಕು. ಈ ಪಂಪು ಕುಂಟಿದರೆ, ಅಥವಾ ಕಿವಿರಿನ ಎಳೆಗಳು ಊದಿದರೆ, ಉಸಿರೂ ಉಪ್ಪೂ ಒಟ್ಟಿಗೆ ತಪ್ಪುತ್ತವೆ.

ಪ್ರಯೋಗ ಕಟ್ಟುವುದು

ಪ್ರತಿ ಪ್ರಾಣಿಗೂ ಬೇರೆ ಪಾತ್ರೆ. ಒಟ್ಟಿಗೆ ಬಿಟ್ಟರೆ ಕಾದಾಡುತ್ತವೆ, ಕಳಚಿದ ಪ್ರಾಣಿಯನ್ನು ಉಳಿದವು ತಿಂದುಬಿಡುತ್ತವೆ. ಸೋತ ಪ್ರಾಣಿಯ ಒತ್ತಡ ಕೀಟನಾಶಕದ ಲೆಕ್ಕಕ್ಕೆ ಬೀಳುತ್ತದೆ. ಅಡಗಲು ಒಂದು ಕೊಳವೆಯ ತುಂಡು ಕೊಡಿ, ತಾಮ್ರದ ಯಾವ ಜೋಡಣೆಯೂ ನೀರಿಗೆ ತಾಗದಿರಲಿ. ಉಷ್ಣತೆ ಅರ್ಧ ಡಿಗ್ರಿಯ ಆಚೀಚೆ ಸ್ಥಿರವಾಗಿರಲಿ. ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳದ ಪ್ರಾಣಿಯಲ್ಲಿ ಕಿಣ್ವದ ವೇಗ ನೀರಿನ ಬಿಸಿಯ ಜೊತೆ ನಡೆಯುತ್ತದೆ. ಹೊಸ ನೀರಿಗೆ ಹೊಂದಿಕೊಳ್ಳಲು ಕನಿಷ್ಠ ಒಂದೆರಡು ವಾರ ಬಿಡಬೇಕು. ಅಮೃತಶಿಲೆ ಕ್ರೇಫಿಶ್ ಎಂದು ಕರೆಯುವ ಪ್ರೊಕ್ಯಾಂಬರಸ್ ವರ್ಜಿನಾಲಿಸ್ ಜಾತಿಯಲ್ಲಿ ಗಂಡುಗಳೇ ಇಲ್ಲ, ಮರಿಗಳೆಲ್ಲ ತಾಯಿಯ ಪಡಿಯಚ್ಚು. ವಂಶವಾಹಿಯ ವ್ಯತ್ಯಾಸದ ಗದ್ದಲ ಬೇಡವೆಂದು ಪ್ರಯೋಗಾಲಯಗಳು ಇದನ್ನು ಇಷ್ಟಪಡುತ್ತವೆ. ಒಂದೇ ಒಂದು ಪ್ರಾಣಿ ಹೊರಗಿನ ಕೆರೆಗೆ ತಪ್ಪಿಸಿಕೊಂಡರೂ ಅಲ್ಲಿ ಸಂತಾನ ಹಬ್ಬಿಸುತ್ತದೆ ಎಂಬ ಎಚ್ಚರ ಮಾತ್ರ ಇರಲೇಬೇಕು.

ಲೀಟರಿಗೆ 0.5 ಮೈಕ್ರೋಗ್ರಾಂ ಬೇಕು ಅನ್ನಿ. 10 ಮಿಲಿಗ್ರಾಂ ಶುದ್ಧ ರಾಸಾಯನಿಕವನ್ನು 10 ಮಿ.ಲೀ. ಅಸಿಟೋನ್‌ನಲ್ಲಿ ಕರಗಿಸಿದರೆ ಮಿ.ಲೀ.ಗೆ 1 ಮಿಲಿಗ್ರಾಂ. ಅದನ್ನು ಅಸಿಟೋನ್‌ನಲ್ಲೇ ನೂರು ಪಟ್ಟು ತೆಳುಮಾಡಿದರೆ ಮಿ.ಲೀ.ಗೆ 10 ಮೈಕ್ರೋಗ್ರಾಂ. 10 ಲೀಟರ್ ನೀರಿಗೆ ಬೇಕಾದದ್ದು 5 ಮೈಕ್ರೋಗ್ರಾಂ, ಅಂದರೆ ಇದರ 0.5 ಮಿ.ಲೀ. ಅಸಿಟೋನ್ ಪಾಲು ಲೀಟರಿಗೆ 0.05 ಮಿ.ಲೀ. ಆಯಿತು, ಜಲಜೀವಿ ಪರೀಕ್ಷೆಗಳಲ್ಲಿ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಸೂಚಿಸುವ 0.1 ಮಿ.ಲೀ. ಮಿತಿಯೊಳಗಿದೆ. ಬರೀ ನೀರಿನ ಒಂದು ನಿಯಂತ್ರಣ ಗುಂಪು, ಅಷ್ಟೇ ಅಸಿಟೋನ್ ಹಾಕಿದ ಇನ್ನೊಂದು ಗುಂಪು ಎರಡೂ ಇರಬೇಕು.

ಹಾಕಿದ್ದೆಲ್ಲ ನೀರಲ್ಲೇ ಇರುತ್ತದೆ ಎಂದುಕೊಳ್ಳುವುದು ದೊಡ್ಡ ತಪ್ಪು. ಪೈರಿಥ್ರಾಯ್ಡುಗಳು ಗಾಜಿಗೆ, ಪ್ಲಾಸ್ಟಿಕ್ಕಿಗೆ, ಕಸಕ್ಕೆ, ಉಳಿದ ಆಹಾರಕ್ಕೆ ಅಂಟಿಕೊಂಡು ಕೆಲವೇ ಗಂಟೆಗಳಲ್ಲಿ ನೀರಿನಿಂದ ಮರೆಯಾಗಬಹುದು. ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ನೀರು ಬದಲಿಸಿ ಹೊಸದಾಗಿ ವಿಷ ಬೆರೆಸುತ್ತಾರೆ. ಬದಲಿಸುವ ಮುಂಚೆ ಒಮ್ಮೆ, ಬದಲಿಸಿದ ಮೇಲೆ ಒಮ್ಮೆ ನೀರಿನ ಮಾದರಿ ತೆಗೆದು ನಿಜಕ್ಕೂ ಎಷ್ಟಿದೆ ಎಂದು ಅಳೆಯಬೇಕು. ಉದ್ದೇಶಿತ ಪ್ರಮಾಣದ ಶೇ 80ಕ್ಕಿಂತ ಕೆಳಗಿಳಿದಿದ್ದರೆ ಫಲಿತಾಂಶವನ್ನು ಅಳೆದ ಪ್ರಮಾಣದ ಹೆಸರಲ್ಲೇ ಹೇಳಬೇಕು. ಅಂಗಡಿಯ ಡಬ್ಬಿ ಬಳಸಿದರೆ ಇನ್ನೊಂದು ತೊಡಕು: ಅದರಲ್ಲಿರುವ ಸಾಬೂನಿನಂಥ ಸಹಾಯಕಗಳೇ ಕಿವಿರಿಗೆ ಪೆಟ್ಟು ಕೊಡಬಹುದು. ಕೆಲವು ಗ್ಲೈಫೋಸೇಟ್ ಮಿಶ್ರಣಗಳಲ್ಲಿ ಜಲಜೀವಿಗಳಿಗೆ ಗ್ಲೈಫೋಸೇಟ್‌ಗಿಂತ ಅವೇ ಹೆಚ್ಚು ವಿಷ.

ಒಂದು ಕಿಣ್ವವನ್ನು ಹತ್ತಿರದಿಂದ

ಅಸಿಟೈಲ್‌ಕೋಲಿನ್ ಎಸ್ಟರೇಸ್ ಅಳೆಯಲು 1961ರ ಎಲ್ಮನ್ ವಿಧಾನವೇ ಇಂದಿಗೂ ಚಾಲ್ತಿ. ಅಂಗಾಂಶವನ್ನು ತೆಗೆದ ಕೂಡಲೇ ದ್ರವ ಸಾರಜನಕದಲ್ಲಿ ಹಾಕಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಅಳೆಯುವ ದಿನ ಒಂದು ಭಾಗ ಸ್ನಾಯುವಿಗೆ ಹತ್ತು ಭಾಗ ತಣ್ಣನೆಯ ಫಾಸ್ಫೇಟ್ ಬಫರ್ ಹಾಕಿ, ಮಂಜುಗಡ್ಡೆಯ ಮೇಲೆ ಅರೆದು, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆಯುತ್ತಾರೆ. ಹೆಪಟೊಪ್ಯಾಂಕ್ರಿಯಾಸ್‌ನಲ್ಲಿ ಜೀರ್ಣಕಿಣ್ವಗಳು ತುಂಬಿರುವುದರಿಂದ ಅರೆದ ಮಾದರಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ. ಅದನ್ನು ತಡೆಯಲು ಪಿಎಂಎಸ್‌ಎಫ್ ಹಾಕುವ ರೂಢಿಯಿದೆ. ಎಸ್ಟರೇಸ್ ಅಳೆಯುವ ಮಾದರಿಗೆ ಮಾತ್ರ ಅದನ್ನು ಹಾಕಬಾರದು. ಪಿಎಂಎಸ್‌ಎಫ್ ಎಸ್ಟರೇಸ್‌ಗಳನ್ನೂ ತಡೆಯಬಲ್ಲದು. ಕೀಟನಾಶಕ ಮಾಡಿದ್ದೆಷ್ಟು, ನೀವು ಮಾಡಿದ್ದೆಷ್ಟು ಎಂದು ಬಿಡಿಸಲಾಗದು.

ಕ್ಯೂವೆಟ್‌ನಲ್ಲಿ, ಅಂದರೆ ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆಯಲ್ಲಿ, ಬಫರ್, ಬಣ್ಣ ಕೊಡುವ ಡಿಟಿಎನ್‌ಬಿ, 50 ಮೈಕ್ರೋಲೀಟರ್ ಮಾದರಿ ಹಾಕಿ ಐದಾರು ನಿಮಿಷ ಕಾಯಿರಿ. ಮಾದರಿಯಲ್ಲೇ ಇರುವ ಗ್ಲುಟಾಥಯೋನ್ ಮುಂತಾದ ಗಂಧಕದ ಅಣುಗಳು ಡಿಟಿಎನ್‌ಬಿ ಜೊತೆ ಸೇರಿ ಹಳದಿ ಬಿಡುತ್ತವೆ. ಆ ಏರಿಕೆ ನಿಂತ ಮೇಲೆ, ಕಿಣ್ವ ಕತ್ತರಿಸಿದಾಗ ಗಂಧಕದ ಅಣು ಬಿಡುವ ಅಸಿಟೈಲ್‌ಥಯೋಕೋಲಿನ್ ಹಾಕಿ. ಈಗ ಏರುವ ಹಳದಿ ಕಿಣ್ವದ್ದು. 412 ನ್ಯಾನೋಮೀಟರ್‌ನಲ್ಲಿ ನಿಮಿಷಕ್ಕೆ 0.068 ಏರಿತು ಎನ್ನಿ. ಹಳದಿ ಬಣ್ಣದ ಗುಣಾಂಕ ಮಿಲಿಮೋಲಾರ್‌ಗೆ 13.6, ಭಾಗಿಸಿದರೆ 0.005 ಮಿಲಿಮೋಲಾರ್, ಅಂದರೆ ಒಂದು ಮಿ.ಲೀ. ಕ್ಯೂವೆಟ್‌ನಲ್ಲಿ ನಿಮಿಷಕ್ಕೆ 5 ನ್ಯಾನೋಮೋಲ್. ಮಾದರಿಯಲ್ಲಿ ಮಿ.ಲೀ.ಗೆ 2 ಮಿಲಿಗ್ರಾಂ ಪ್ರೋಟೀನ್ ಇದ್ದರೆ 50 ಮೈಕ್ರೋಲೀಟರ್‌ನಲ್ಲಿ 0.1 ಮಿಲಿಗ್ರಾಂ. ಉತ್ತರ: ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ ನಿಮಿಷಕ್ಕೆ 50 ನ್ಯಾನೋಮೋಲ್. ಮಾದರಿಯಿಲ್ಲದ ಬ್ಲಾಂಕ್‌ನ ಏರಿಕೆಯನ್ನು ಮೊದಲೇ ಕಳೆದಿರಬೇಕು, ಅಸಿಟೈಲ್‌ಥಯೋಕೋಲಿನ್ ತಾನಾಗಿಯೂ ನಿಧಾನವಾಗಿ ಒಡೆಯುತ್ತದೆ.

ಕಾರ್ಬಮೇಟ್ ಪ್ರಯೋಗವಾದರೆ ಈ ವಿಧಾನವೇ ಮೋಸ ಮಾಡುತ್ತದೆ. ಅರೆದು, ತೆಳುಮಾಡಿ, ಕಾಯುವ ಹೊತ್ತಿಗೆ ಕಾರ್ಬಮೇಟ್ ಕಿಣ್ವವನ್ನು ಬಿಟ್ಟು ಹೋಗಿರುತ್ತದೆ, ಪ್ರಾಣಿಯಲ್ಲಿ ಕುಗ್ಗಿದ್ದ ಕಿಣ್ವ ಕ್ಯೂವೆಟ್‌ನಲ್ಲಿ ಆರೋಗ್ಯವಾಗಿ ಕಾಣುತ್ತದೆ. ಕಡಿಮೆ ತೆಳುಮಾಡಿ, ತಣ್ಣಗಿಟ್ಟು, ಬೇಗ ಅಳೆಯುವುದೊಂದೇ ದಾರಿ. ಎಂಡಿಎ ಅಳತೆಯಲ್ಲೂ ಇಂಥದೇ ಒಂದು ಮೋಸವಿದೆ: ಥಯೋಬಾರ್ಬಿಟ್ಯೂರಿಕ್ ಆಮ್ಲದ ಜೊತೆ ಕುದಿಸುವಾಗಲೇ ಕೊಬ್ಬು ಹೊಸದಾಗಿ ಕಮರುತ್ತದೆ. ಕುದಿಸುವ ಮುಂಚೆ ಬಿಎಚ್‌ಟಿ ಬೆರೆಸಿದರೆ ಅದು ನಿಲ್ಲುತ್ತದೆ. ಆದರೂ 532ರಲ್ಲಿ ಕಾಣುವ ಗುಲಾಬಿ ಬಣ್ಣ ಪೂರ್ತಿ ಎಂಡಿಎಯದಲ್ಲ, ಬೇರೆ ಆಲ್ಡಿಹೈಡುಗಳೂ ಪಾಲುದಾರರು.

ತೊರೆಯಲ್ಲಿ ಒಂದೇ ವಿಷ ಇರುವುದಿಲ್ಲ

ಪಾತ್ರೆಯಲ್ಲಿ ಒಂದು ರಾಸಾಯನಿಕ, ತೊರೆಯಲ್ಲಿ ಹತ್ತಾರು. ಅವು ಬರೀ ಕೂಡುವುದಿಲ್ಲ. ಅಟ್ರಜಿನ್ ಪಿ450 ಕಿಣ್ವಗಳನ್ನು ಹೆಚ್ಚಿಸಿದಾಗ ಕ್ಲೋರ್‌ಪೈರಿಫಾಸ್ ಇನ್ನೂ ಬೇಗ ಆಕ್ಸಾನ್ ಆಗುತ್ತದೆ. ತಳದಲ್ಲಿ ಬದುಕುವ ಕೈರೊನೊಮಸ್ ಹುಳುಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ತದ್ವಿರುದ್ಧವಾಗಿ, ಅಜೋಲ್ ಗುಂಪಿನ ಶಿಲೀಂಧ್ರನಾಶಕಗಳು ಪಿ450 ತಡೆಯುತ್ತವೆ. ಆಗ ಪೈರಿಥ್ರಾಯ್ಡ್ ಒಡೆಯದೆ ಉಳಿದು, ಡಾಫ್ನಿಯದಂಥ ಕಠಿಣಚರ್ಮಿಗಳಲ್ಲಿ ಅದರ ವಿಷ ಹೆಚ್ಚುತ್ತದೆ. ಒಂದೇ ಕಿಣ್ವ ಒಂದು ಕಡೆ ಅಪರಾಧಿ, ಇನ್ನೊಂದು ಕಡೆ ರಕ್ಷಕ. ಬಿಡಿ ರಾಸಾಯನಿಕದ ಸುರಕ್ಷಿತ ಮಿತಿಗಳನ್ನು ಸಾಲಾಗಿ ಬರೆದಿಟ್ಟರೆ ಮಿಶ್ರಣದ ಮಿತಿ ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ.

ಒಳ್ಳೆಯ ಪ್ರಯೋಗಗಳು ವಿಷ ಕೊಡುವ ದಿನಗಳ ಜೊತೆಗೆ ಚೇತರಿಕೆಯ ದಿನಗಳನ್ನೂ ಇಡುತ್ತವೆ: ಪ್ರಾಣಿಯನ್ನು ಶುದ್ಧ ನೀರಿಗೆ ಹಾಕಿ ಒಂದೆರಡು ವಾರ ಕಾಯುವುದು. ಹೀಮೊಲಿಂಫ್‌ನ ಗ್ಲೂಕೋಸ್ ಸಾಮಾನ್ಯವಾಗಿ ಮೊದಲು ಸರಿಹೋಗುವವರ ಸಾಲಿನಲ್ಲಿರುತ್ತದೆ. ಕಾರ್ಬಮೇಟ್ ಹಿಡಿದ ಎಸ್ಟರೇಸ್ ಬೇಗ ಬಿಡುಗಡೆಯಾಗುತ್ತದೆ, ಆರ್ಗನೊಫಾಸ್ಫೇಟ್ ಹಿಡಿದದ್ದಕ್ಕೆ ಹೊಸ ಕಿಣ್ವ ಹುಟ್ಟುವವರೆಗೆ, ವಾರಗಟ್ಟಲೆ ಬೇಕು. ಹೆಪಟೊಪ್ಯಾಂಕ್ರಿಯಾಸ್‌ನ ಹಾಳಾದ ಕೊಳವೆಗಳು ಹೊಸ ಜೀವಕೋಶಗಳಿಂದ ತುಂಬಲೂ ಸಮಯ ಹಿಡಿಯುತ್ತದೆ. ಬಿತ್ತನೆಯಿಂದ ಕಟಾವಿನವರೆಗೆ ಎರಡು ವಾರಕ್ಕೊಮ್ಮೆ ಸಿಂಪಡಿಸುವ ಹೊಲದ ಪಕ್ಕದ ತೊರೆಯಲ್ಲಿ, ಮೊದಲ ಸಲದ ಎಸ್ಟರೇಸ್ ಇನ್ನೂ ಪೂರ್ತಿ ಹುಟ್ಟಿರುವುದಿಲ್ಲ, ಮುಂದಿನ ಮಳೆ ಎರಡನೆಯದನ್ನು ತಂದಿರುತ್ತದೆ.